ಸಿ ಅಂಡ್ ಆರ್ (ವೃಂದ ಮತ್ತು ನೇಮಕಾತಿ) ನಿಯಮ ಒಂದು ಹೇಳಿ, ಸರ್ಕಾರಿ ಆದೇಶ ಇನ್ನೊಂದು ಹೇಳಿದರೆ ನೇಮಕಾತಿ ಊರ್ಜಿತವಾಗಿ ಉಳಿಯುತ್ತದೆಯೇ?

ಕಡತ_ಮಂಡನೆ

ಸಿಬ್ಬಂದಿ ಶಾಖೆಯಲ್ಲಿ ಕೆಲಸ ಮಾಡುವವರು ಮತ್ತು ಸೇವಾ ಕಾನೂನು ಬಲ್ಲವರು ದಯವಿಟ್ಟು ಉತ್ತರಿಸಿ.

ಸಹಾಯಕ ನಿರ್ದೇಶಕರ ಹುದ್ದೆ ಎಂದು ಇಟ್ಟುಕೊಳ್ಳಿ, ಗ್ರೂಪ್ ಬಿ. ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮದ ಪ್ರಕಾರ ಅರ್ಧ ಹುದ್ದೆಗಳಿಗೆ ನೇರ ನೇಮಕಾತಿ, ಉಳಿದರ್ಧಕ್ಕೆ ಅಧೀಕ್ಷಕರ ವೃಂದದಿಂದ ಮುಂಬಡ್ತಿ. ಮುಂಬಡ್ತಿಗೆ 5 ವರ್ಷದ ಸೇವೆ ಬೇಕು, 5 ವರ್ಷ ಆದವರು ಯಾರೂ ಇಲ್ಲದಿದ್ದರೆ 3 ವರ್ಷ. ನೇರ ನೇಮಕಾತಿ ಪಾಲಿನ ಹುದ್ದೆಗಳು ಬಹುಕಾಲದಿಂದ ಖಾಲಿ. ಈಗ ಆಡಳಿತ ಇಲಾಖೆ ಒಂದು ಆದೇಶದಲ್ಲಿ ಮೂರು ಕೆಲಸ ಮಾಡಿದೆ: 2 ವರ್ಷ ಸೇವೆಯಾದ ಅಧೀಕ್ಷಕರಿಗೆ ಸ್ವತಂತ್ರ ಪ್ರಭಾರ (ಮುಂಬಡ್ತಿ ಕೊಡದೆ ಖಾಲಿ ಹುದ್ದೆಯ ಹೊಣೆ) ಕೊಡಲು ಹೇಳಿದೆ, ಕೆಲವು ಹುದ್ದೆಗಳನ್ನು ಗುತ್ತಿಗೆ ಮೇಲೆ ತುಂಬಲು ಹೇಳಿದೆ, ಮುಂದಿನ ನೇರ ನೇಮಕಾತಿಗೆ ವಿದ್ಯಾರ್ಹತೆಯನ್ನೂ ಬದಲಿಸಿದೆ. ಇದರಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ?

ಮೂಲನಿಯಮ

ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಅದಕ್ಕೂ ಮೊದಲು ಯಾವುದು ಯಾವುದರ ಮೇಲಿದೆ ಎಂಬುದು ಸ್ಪಷ್ಟವಾಗಲಿ.

ಸಂವಿಧಾನದ 309ನೇ ವಿಧಿ ನೇಮಕಾತಿ ಮತ್ತು ಸೇವಾ ಷರತ್ತುಗಳ ಬಗ್ಗೆ ಕಾನೂನು ಮಾಡುವ ಅಧಿಕಾರವನ್ನು ಶಾಸಕಾಂಗಕ್ಕೆ ಕೊಟ್ಟಿದೆ. ಕಾಯ್ದೆ ಬರುವವರೆಗೆ ರಾಜ್ಯಪಾಲರು ನಿಯಮ ಮಾಡಬಹುದು ಎಂಬುದು ಅದರ ಪರಂತುಕ. ನಮ್ಮಲ್ಲಿ ಕಾಯ್ದೆ ಇದೆ: ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಅಧಿನಿಯಮ 1978. ವಿಧೇಯಕ 1978ರದ್ದಾದರೂ ಅಧಿನಿಯಮದ ಸಂಖ್ಯೆ 1990ರ 14. ಇಂದು ಯಾವುದೇ ಇಲಾಖೆಯ ಸಿ ಅಂಡ್ ಆರ್ ಅಧಿಸೂಚನೆ ತೆಗೆದು ನೋಡಿ, ಮೊದಲ ವಾಕ್ಯದಲ್ಲೇ ‘3ನೇ ಪ್ರಕರಣದ (1)ನೇ ಉಪಪ್ರಕರಣ, 8ನೇ ಪ್ರಕರಣದೊಂದಿಗೆ ಓದಿಕೊಂಡಂತೆ’ ಎಂದಿರುತ್ತದೆ. ಆ ಸಾಲು ಇದ್ದರೆ ಅದು ಶಾಸನಬದ್ಧ ನಿಯಮ. ಆ ಸಾಲಿಲ್ಲದೆ ‘ಸರ್ಕಾರವು ಈ ಕೆಳಕಂಡಂತೆ ಆದೇಶಿಸಿದೆ’ ಎಂದಿದ್ದರೆ ಅದು ಕಾರ್ಯಾಂಗದ ಆದೇಶ ಮಾತ್ರ. ಕಡತ ಕೈಗೆ ಬಂದ ಕೂಡಲೇ ನೋಡಬೇಕಾದದ್ದು ಇದನ್ನೇ.

ಇದರ ಅಡಿಯಲ್ಲಿ 1977ರ ಸಾಮಾನ್ಯ ನೇಮಕಾತಿ ನಿಯಮಗಳಿವೆ. ವಯೋಮಿತಿ, ಅನರ್ಹತೆ, ಮೀಸಲಾತಿ, ವೈದ್ಯಕೀಯ ಮತ್ತು ನಡತೆ ಪರಿಶೀಲನೆ ಎಲ್ಲ ಅಲ್ಲಿವೆ. ಇಲಾಖೆಯ ವಿಶೇಷ ನಿಯಮ ಮೌನವಾಗಿರುವ ಕಡೆ ಇವನ್ನು ಓದಿಕೊಳ್ಳಬೇಕು. ಪ್ರೊಬೇಷನ್‌ಗೆ 1977ರ ಪ್ರತ್ಯೇಕ ನಿಯಮಗಳು, ಜ್ಯೇಷ್ಠತೆಗೆ 1957ರ ನಿಯಮಗಳು.

ಸರ್ಕಾರಿ ಆದೇಶ ನಿಯಮದ ಖಾಲಿ ಜಾಗ ತುಂಬಬಹುದು, ನಿಯಮವನ್ನು ತಿದ್ದಲಾರದು. ಸಂತ್ ರಾಮ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದ್ದು ಇದನ್ನು. ಹಾಗಾಗಿ ನಿಮ್ಮ ಮೂರನೇ ಅಂಶ, ವಿದ್ಯಾರ್ಹತೆ ಬದಲಾವಣೆ, ಆದೇಶದ ಮೂಲಕ ಆಗುವ ಕೆಲಸವೇ ಅಲ್ಲ. ಉಳಿದೆರಡನ್ನು ಸಂಜೆ ಬರೆಯುತ್ತೇನೆ.

ಸ್ಪರ್ಧಾರ್ಥಿ_ಹಾಸನ

ಸರ್, ನಿಯಮವೇ ಇಲ್ಲದಿದ್ದರೆ? ಹೊಸ ನಿರ್ದೇಶನಾಲಯ ಆಗಿ ಸಿ ಅಂಡ್ ಆರ್ ಇನ್ನೂ ಬಂದಿಲ್ಲ ಎಂದರೆ ಅಲ್ಲಿ ಯಾರನ್ನೂ ನೇಮಿಸುವ ಹಾಗಿಲ್ಲವೇ?

ಕೆಎಟಿ_ಕಟಕಟೆ

ನೇಮಿಸಬಹುದು. ಈ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯದಿಂದ ಹೋದ ಪ್ರಕರಣದಲ್ಲೇ ಇದೆ: ಬಿ.ಎನ್. ನಾಗರಾಜನ್ ವಿರುದ್ಧ ಮೈಸೂರು ರಾಜ್ಯ, 1966. ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರುಗಳ ನೇಮಕದ ವಿಷಯ. 309ರ ಅಡಿ ನಿಯಮ ಮಾಡಿದ ಮೇಲೆಯೇ ಸೇವೆ ಹುಟ್ಟಬೇಕು, ಹುದ್ದೆ ತುಂಬಬೇಕು ಎಂಬ ಕಡ್ಡಾಯ ಇಲ್ಲ, ನಿಯಮ ಇಲ್ಲದಾಗ ರಾಜ್ಯ ತನ್ನ ಕಾರ್ಯಾಂಗ ಅಧಿಕಾರದಿಂದ ನೇಮಿಸಬಹುದು ಎಂದಿತು ಕೋರ್ಟ್. ಆದರೆ ಆಗಲೂ 14 ಮತ್ತು 16ನೇ ವಿಧಿಗಳಿಂದ ತಪ್ಪಿಸಿಕೊಳ್ಳುವಂತಿಲ್ಲ: ಮಂಜೂರಾದ ಹುದ್ದೆ, ಬಹಿರಂಗ ಪ್ರಕಟಣೆ, ಎಲ್ಲರಿಗೂ ಸಮಾನ ಅವಕಾಶ, ಮೀಸಲಾತಿ. ನಿಯಮ ಪ್ರಕಟವಾದ ದಿನದಿಂದ ಆ ಕಾರ್ಯಾಂಗ ಅಧಿಕಾರ ನಿಯಮದ ಒಳಗೆ ಸೇರಿಹೋಗುತ್ತದೆ.

ನಮ್ಮಲ್ಲಿ ಪೂರ್ತಿ ನಿಯಮವಿಲ್ಲದ ಹುದ್ದೆ ವಿರಳ. ಹಳೆಯ ನಿಯಮ ಇದೆ, ಅದರಲ್ಲಿ ಹುದ್ದೆಯ ಹೆಸರೋ ಸಂಖ್ಯೆಯೋ ಹಳತಾಗಿದೆ ಎಂಬುದೇ ಹೆಚ್ಚು. ಅನುಸೂಚಿಯಲ್ಲಿ 40 ಹುದ್ದೆ ಎಂದಿದ್ದು, ಆಮೇಲಿನ ಮಂಜೂರಾತಿ ಆದೇಶಗಳಿಂದ 65 ಆಗಿರುತ್ತದೆ. ಹೆಚ್ಚಾದ 25ಕ್ಕೆ ನೇರ ಮತ್ತು ಮುಂಬಡ್ತಿಯ ಪಾಲು ಹೇಗೆ ಎಂಬ ಗೊಂದಲವೇ ಅರ್ಧ ಮೊಕದ್ದಮೆಗಳ ಮೂಲ.

ಮೂಲನಿಯಮ

ಸ್ವತಂತ್ರ ಪ್ರಭಾರದ ವಿಷಯ.

ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ನಿಯಮ 32 ಖಾಲಿ ಹುದ್ದೆಯ ಚಾಲ್ತಿ ಕರ್ತವ್ಯಗಳನ್ನು ನೋಡಿಕೊಳ್ಳಲು ಒಬ್ಬರನ್ನು ನಿಯೋಜಿಸಲು ಅವಕಾಶ ಕೊಡುತ್ತದೆ. ನಿಯಮ 68 ಹೆಚ್ಚುವರಿ ಪ್ರಭಾರದ್ದು, ಅಂದರೆ ತಮ್ಮ ಹುದ್ದೆಯನ್ನು ಇಟ್ಟುಕೊಂಡೇ ಇನ್ನೊಂದನ್ನೂ ನೋಡಿಕೊಳ್ಳುವುದು. ಆದೇಶ ಬರೆಯುವಾಗ ಎರಡನ್ನೂ ಕಲಸಿ ‘ನಿಯಮ 32/68ರನ್ವಯ’ ಎಂದು ಬರೆಯುವ ಅಭ್ಯಾಸ ಕೆಲವು ಕಚೇರಿಗಳಲ್ಲಿದೆ. ಅದು ತಪ್ಪು. ಪ್ರಭಾರ ಭತ್ಯೆಯ ಬಿಲ್ಲಿಗೆ ಖಜಾನೆಯಲ್ಲಿ ಆಕ್ಷೇಪಣೆ ಬರುವುದೂ ಇಲ್ಲಿಂದಲೇ.

ನಿಯಮ 32ರಲ್ಲಿ ಪ್ರಭಾರ ಪಡೆಯುವವರು ಆ ಹುದ್ದೆಗೆ ಸಿ ಅಂಡ್ ಆರ್ ಪ್ರಕಾರ ಮುಂಬಡ್ತಿಗೆ ಅರ್ಹರಾಗಿರಬೇಕು. ನೀವು ಹೇಳಿದ ಹುದ್ದೆಗೆ ಕನಿಷ್ಠ 3 ವರ್ಷ ಎಂದ ಮೇಲೆ 2 ವರ್ಷ ಸೇವೆಯವರಿಗೆ ಕೊಟ್ಟ ಸ್ವತಂತ್ರ ಪ್ರಭಾರ ನಿಲ್ಲುವುದಿಲ್ಲ. ಅರ್ಹ ಹಿರಿಯರೊಬ್ಬರು ಅದೇ ಜ್ಯೇಷ್ಠತಾ ಪಟ್ಟಿಯಲ್ಲಿದ್ದು ಪ್ರಶ್ನಿಸಿದರೆ ಆದೇಶ ಬೀಳುತ್ತದೆ. ಅರ್ಹರು ಯಾರೂ ಇಲ್ಲ ಎಂದಾದರೆ ಸಮಾನ ದರ್ಜೆಯ ಇನ್ನೊಬ್ಬ ಅಧಿಕಾರಿಗೆ ನಿಯಮ 68ರಲ್ಲಿ ಹೆಚ್ಚುವರಿ ಪ್ರಭಾರ ಕೊಡುವುದು ಸರಿಯಾದ ದಾರಿ.

ಇನ್ನು, ಪ್ರಭಾರದಲ್ಲಿ ಎಷ್ಟು ಕಾಲ ಇದ್ದರೂ ಅದು ಮುಂಬಡ್ತಿ ಅಲ್ಲ. ಆ ವೃಂದದ ಜ್ಯೇಷ್ಠತೆಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಮುಂಬಡ್ತಿ ಆದೇಶದಲ್ಲಿ ‘ಪ್ರಭಾರ ವಹಿಸಿದ ದಿನಾಂಕದಿಂದ’ ಎಂದು ಪೂರ್ವಾನ್ವಯ ಕೊಡುವುದನ್ನು ಕಂಡರೆ ಅಲ್ಲೇ ತಡೆಯಿರಿ.

ಕೆಎಟಿ_ಕಟಕಟೆ

ಪ್ರಭಾರದಲ್ಲಿರುವವರು ಶಾಸನಬದ್ಧ ಅಧಿಕಾರ ಚಲಾಯಿಸಬಹುದೇ ಎಂಬುದನ್ನೂ ಸೇರಿಸಿ ನೋಡಬೇಕು. ಅಜೈಬ್ ಸಿಂಗ್ ಪ್ರಕರಣ, 1965: ಜಿಲ್ಲಾ ಮ್ಯಾಜಿಸ್ಟ್ರೇಟರ ಚಾಲ್ತಿ ಕರ್ತವ್ಯ ಮಾತ್ರ ನೋಡಿಕೊಳ್ಳುತ್ತಿದ್ದ ಅಧಿಕಾರಿ ಹೊರಡಿಸಿದ ಬಂಧನದ ಆದೇಶ ನಿಲ್ಲಲಿಲ್ಲ. ಕಾಯ್ದೆಯೊಂದು ‘ಈ ಹುದ್ದೆಯ ಅಧಿಕಾರಿ’ ಎಂದು ಹೆಸರಿಸಿ ಕೊಟ್ಟ ಅಧಿಕಾರ ಚಾಲ್ತಿ ಪ್ರಭಾರದವರಿಗೆ ತಾನಾಗಿ ಬರುವುದಿಲ್ಲ. ಕಡತ ವಿಲೇವಾರಿ, ಬಿಲ್ಲು, ರಜೆ ಇವೆಲ್ಲ ನಡೆಯುತ್ತವೆ. ಶಿಸ್ತುಕ್ರಮದಲ್ಲಿ ದಂಡನೆ, ಪರವಾನಗಿ ರದ್ದು, ಮೇಲ್ಮನವಿ ತೀರ್ಮಾನ ಇಂಥವಕ್ಕೆ ಸಹಿ ಹಾಕುವ ಮುನ್ನ ಮೇಲಧಿಕಾರಿಯಿಂದ ಸ್ಪಷ್ಟ ಅಧಿಕಾರ ಪ್ರತ್ಯಾಯೋಜನೆ ಇದೆಯೇ ನೋಡಿ. ಇಲ್ಲದಿದ್ದರೆ ಆದೇಶ ಎಷ್ಟೇ ನ್ಯಾಯಯುತವಾಗಿದ್ದರೂ ಅಧಿಕಾರವ್ಯಾಪ್ತಿಯ ಕೊರತೆಯಿಂದ ಬೀಳುತ್ತದೆ. ಇದರ ಪೆಟ್ಟು ಬೀಳುವುದು ಸಾರ್ವಜನಿಕರಿಗೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಡತ_ಮಂಡನೆ

ಧನ್ಯವಾದ. ಗುತ್ತಿಗೆಯ ಬಗ್ಗೆ? ನಮ್ಮಲ್ಲಿ ಸಾಮಾನ್ಯ ನಂಬಿಕೆ ಏನೆಂದರೆ, 10 ವರ್ಷ ದಾಟಿದರೆ ಕಾಯಂ ಮಾಡಲೇಬೇಕು ಎಂದು.

ಕೆಎಟಿ_ಕಟಕಟೆ

ಆ 10 ವರ್ಷದ ಮಾತು ಉಮಾದೇವಿ ತೀರ್ಪಿನಿಂದ ಬಂದದ್ದು, ಆದರೆ ಅರ್ಧ ಮಾತ್ರ ಜನರ ಬಾಯಲ್ಲಿ ಉಳಿದಿದೆ. ಕರ್ನಾಟಕ ರಾಜ್ಯ ವಿರುದ್ಧ ಉಮಾದೇವಿ, 10 ಏಪ್ರಿಲ್ 2006, ಐವರು ನ್ಯಾಯಮೂರ್ತಿಗಳ ಪೀಠ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ವಿಷಯ. ನಿಯಮ ಮೀರಿದ ನೇಮಕಕ್ಕೆ ಸಕ್ರಮದ ಹಕ್ಕಿಲ್ಲ ಎಂಬುದೇ ಅದರ ತಿರುಳು. ಅದಕ್ಕೊಂದು ವಿನಾಯಿತಿ ಇತ್ತು: ಮಂಜೂರಾದ ಹುದ್ದೆಯಲ್ಲಿ, ವಿದ್ಯಾರ್ಹತೆ ಇದ್ದು, ನ್ಯಾಯಾಲಯದ ತಡೆಯಾಜ್ಞೆಯ ಆಸರೆ ಇಲ್ಲದೆ 10 ವರ್ಷ ಅಥವಾ ಹೆಚ್ಚು ಕೆಲಸ ಮಾಡಿದವರನ್ನು ಒಂದು ಬಾರಿಯ ಕ್ರಮವಾಗಿ ಪರಿಗಣಿಸಿ, ಆ ಪ್ರಕ್ರಿಯೆಯನ್ನು 6 ತಿಂಗಳೊಳಗೆ ಶುರು ಮಾಡಿ ಎಂದು. 2010ರ ಎಂ.ಎಲ್. ಕೇಸರಿ ತೀರ್ಪು, ಅದೂ ಕರ್ನಾಟಕದ್ದೇ, ಇದನ್ನು ಬಿಡಿಸಿ ಹೇಳಿತು: ಆ ಒಂದು ಬಾರಿಯ ಪರಿಶೀಲನೆಯಲ್ಲಿ ಬಿಟ್ಟುಹೋದವರ ಹಕ್ಕು 6 ತಿಂಗಳು ಮುಗಿಯಿತೆಂದು ಮುಗಿಯುವುದಿಲ್ಲ.

ಅಕ್ರಮ ಬೇರೆ, ಕ್ರಮಲೋಪ ಬೇರೆ. ಹುದ್ದೆಯೇ ಮಂಜೂರಾಗಿಲ್ಲ ಅಥವಾ ನಿಗದಿತ ವಿದ್ಯಾರ್ಹತೆಯೇ ಇಲ್ಲ ಎಂದರೆ ಅಕ್ರಮ, ಅಲ್ಲಿ ಪರಿಹಾರ ಇಲ್ಲ. ಹುದ್ದೆ ಮಂಜೂರಾಗಿದೆ, ಅರ್ಹತೆಯೂ ಇದೆ, ಸ್ಪರ್ಧಾತ್ಮಕ ಆಯ್ಕೆ ಮಾತ್ರ ನಡೆದಿಲ್ಲ ಎಂದರೆ ಕ್ರಮಲೋಪ. ಡಿಸೆಂಬರ್ 2024ರ ಜಗ್ಗೋ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮುಖ ತೋರಿಸಿತು. ಕಾಯಂ ಸ್ವರೂಪದ ಕೆಲಸವನ್ನು ದಶಕಗಟ್ಟಲೆ ತಾತ್ಕಾಲಿಕ ಹೆಸರಿನಲ್ಲಿ ಮಾಡಿಸಿಕೊಂಡು ಉಮಾದೇವಿಯನ್ನು ಗುರಾಣಿಯಂತೆ ಹಿಡಿಯಬೇಡಿ ಎಂದಿತು. ಈಗ ಎರಡನ್ನೂ ಒಟ್ಟಿಗೆ ಓದಬೇಕು.

ನಮ್ಮ ರಾಜ್ಯದ ದಿನಗೂಲಿಯವರಿಗೆ 2012ರ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮ ಪ್ರತ್ಯೇಕವಾಗಿದೆ. ಅದನ್ನು ಏಜೆನ್ಸಿ ಮೂಲಕ ಬಂದ ಹೊರಗುತ್ತಿಗೆಯವರಿಗೆ ಅನ್ವಯಿಸಿ ಅರ್ಜಿ ಹಾಕಿಸುವವರಿದ್ದಾರೆ. ಅನ್ವಯಿಸುವುದಿಲ್ಲ.

ರೋಸ್ಟರ್_ಬಿಂದು

ಗುತ್ತಿಗೆ ಎಂದ ಕೂಡಲೇ ಒಂದು ಮಾತು. ನೇರ ನೇಮಕಾತಿಯ ಪಾಲಿನ ಹುದ್ದೆಯನ್ನು ಗುತ್ತಿಗೆಯಿಂದ ತುಂಬಿದಾಗ ರೋಸ್ಟರ್ ವಹಿಯಲ್ಲಿ (ಯಾವ ಕ್ರಮಸಂಖ್ಯೆಯ ಹುದ್ದೆ ಯಾವ ಪ್ರವರ್ಗಕ್ಕೆ ಎಂದು ತೋರಿಸುವ ಪುಸ್ತಕ, ಆ ಕ್ರಮಸಂಖ್ಯೆಯೇ ಬಿಂದು) ಆ ಬಿಂದುವನ್ನು ‘ಭರ್ತಿ’ ಎಂದು ತೋರಿಸಬಾರದು. ಹುದ್ದೆ ಖಾಲಿಯೇ. ತೋರಿಸಿದರೆ ಪರಿಶಿಷ್ಟ ಜಾತಿಯ ಬಿಂದುವೊಂದು ಸದ್ದಿಲ್ಲದೆ ಮಾಯವಾಗುತ್ತದೆ, ಮುಂದಿನ ನೇಮಕಾತಿಯಲ್ಲಿ ಬ್ಯಾಕ್‌ಲಾಗ್ (ತುಂಬದೆ ಉಳಿದ ಮೀಸಲು ಹುದ್ದೆಗಳ) ಲೆಕ್ಕವೂ ತಪ್ಪುತ್ತದೆ.

2022ರ ಕಾಯ್ದೆಯಿಂದ ಪರಿಶಿಷ್ಟ ಜಾತಿ ಶೇ. 15ರಿಂದ 17ಕ್ಕೆ, ಪರಿಶಿಷ್ಟ ಪಂಗಡ ಶೇ. 3ರಿಂದ 7ಕ್ಕೆ ಏರಿತು. ಹಿಂದುಳಿದ ವರ್ಗಗಳಿಗೆ ಪ್ರವರ್ಗ-1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5, ಒಟ್ಟು 32. ಆದರೆ ಹುದ್ದೆಗಳನ್ನು ಶೇಕಡಾವಾರು ಗುಣಿಸಿ ಹಂಚುವುದಿಲ್ಲ, 100 ಬಿಂದುಗಳ ರೋಸ್ಟರಿನಲ್ಲಿ ಹಿಂದಿನ ಅಧಿಸೂಚನೆ ನಿಂತ ಬಿಂದುವಿನಿಂದ ಮುಂದುವರಿಸಬೇಕು. 34ನೇ ಬಿಂದುವಿನಲ್ಲಿ ನಿಂತಿದ್ದರೆ ಈ ಸಲ 12 ಹುದ್ದೆ ಎಂದರೆ 35ರಿಂದ 46. ಪ್ರತಿ ಸಲವೂ 1ರಿಂದ ಶುರು ಮಾಡುವ ಕಚೇರಿಗಳಲ್ಲಿ ಕೊನೆಯ ಬಿಂದುಗಳಲ್ಲಿರುವ ಪ್ರವರ್ಗಗಳಿಗೆ ಹುದ್ದೆ ಬರುವುದೇ ಇಲ್ಲ.

ಇದರ ಮೇಲೆ ಸಮತಳ ಮೀಸಲಾತಿ. ಪ್ರತಿ ಪ್ರವರ್ಗದ ಒಳಗೆ ಮಹಿಳೆಯರಿಗೆ ಶೇ. 33, ಗ್ರಾಮೀಣ ಅಭ್ಯರ್ಥಿಗಳಿಗೆ 25, ಮಾಜಿ ಸೈನಿಕರಿಗೆ 10, ಕನ್ನಡ ಮಾಧ್ಯಮದವರಿಗೆ 5, ಯೋಜನಾ ನಿರಾಶ್ರಿತರಿಗೆ 5. ಅಂಗವಿಕಲರಿಗೆ ಬೇರೆ ಪಾಲಿದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ 2021ರ ತಿದ್ದುಪಡಿಯಿಂದ ಶೇ. 1. ಸಮತಳ ಮೀಸಲಿನ ಹುದ್ದೆಗೆ ಅಭ್ಯರ್ಥಿ ಸಿಗದಿದ್ದರೆ ಅದೇ ಪ್ರವರ್ಗದ ಇತರರಿಗೆ ಹೋಗುತ್ತದೆ, ಮುಂದಕ್ಕೆ ಒಯ್ಯುವುದಿಲ್ಲ.

ಅತಿ ಹೆಚ್ಚು ತಪ್ಪಾಗುವುದು ಸಾಮಾನ್ಯ ಅರ್ಹತೆಯ ಮಹಿಳಾ ಹುದ್ದೆಗಳಲ್ಲಿ. ಅವು ‘ಮೀಸಲಾತಿ ಇಲ್ಲದ ಜಾತಿಯ ಮಹಿಳೆಯರಿಗೆ’ ಎಂದು ತಿಳಿಯುತ್ತಾರೆ. ಹಾಗಲ್ಲ. ಸೌರವ್ ಯಾದವ್ ತೀರ್ಪು, 2020: ಸಾಮಾನ್ಯ ಅರ್ಹತೆಯ ಮಹಿಳಾ ಹುದ್ದೆಗೆ ಯಾವ ಪ್ರವರ್ಗದ ಮಹಿಳೆಯೂ ಅಂಕದ ಬಲದಿಂದ ಬರಬಹುದು. 2ಎ ಪ್ರವರ್ಗದ ಮಹಿಳೆಗೆ ಸಾಮಾನ್ಯ ಮಹಿಳಾ ಕಟ್‌ಆಫ್‌ಗಿಂತ ಹೆಚ್ಚು ಅಂಕ ಬಂದಿದ್ದರೂ ಆಕೆಯನ್ನು 2ಎ ಪಟ್ಟಿಯಲ್ಲೇ ಕೂರಿಸಿದರೆ ಆಯ್ಕೆಪಟ್ಟಿ ನ್ಯಾಯಮಂಡಳಿಯಲ್ಲಿ ಉಳಿಯುವುದಿಲ್ಲ.

ಬೀದರ್_ಕಡೆಯಿಂದ

ನಮ್ಮ ಭಾಗದ ವಿಷಯ ಬಿಟ್ಟರೆ ಚರ್ಚೆ ಅಪೂರ್ಣ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ 2012ರ 98ನೇ ತಿದ್ದುಪಡಿಯಿಂದ ಬಂತು, ಅದರಡಿಯ ನೇಮಕಾತಿ ಮೀಸಲಾತಿ ಆದೇಶ 2013ರದ್ದು. ಸ್ಥಳೀಯ ವೃಂದದಲ್ಲಿ ಗ್ರೂಪ್ ಎ ಮತ್ತು ಬಿಗೆ ಶೇ. 75, ಗ್ರೂಪ್ ಸಿಗೆ 80, ಗ್ರೂಪ್ ಡಿಗೆ 85 ಸ್ಥಳೀಯರಿಗೆ. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ. 8. ಇಲ್ಲಿ ಆಗುವ ದೊಡ್ಡ ಎಡವಟ್ಟು ವೃಂದ ಬೇರ್ಪಡಿಸದೆ ಒಂದೇ ರೋಸ್ಟರ್ ನಡೆಸುವುದು. ಸ್ಥಳೀಯ ವೃಂದಕ್ಕೂ ಉಳಿಕೆ ಮೂಲ ವೃಂದಕ್ಕೂ (ರಾಜ್ಯದ ಉಳಿದ ಭಾಗದ ವೃಂದ) ಎರಡು ವಹಿ, ಎರಡು ಬಿಂದು ಸಂಖ್ಯೆ ಬೇಕು. ಒಂದೇ ಇದ್ದರೆ ಪ್ರಸ್ತಾವನೆ ಲೋಕಸೇವಾ ಆಯೋಗದಿಂದ ವಾಪಸು ಬರುತ್ತದೆ, ಹುದ್ದೆಗಳು ಮತ್ತೆ ಖಾಲಿ ಬೀಳುತ್ತವೆ, ನಷ್ಟ ಈ ಭಾಗದ ಹುಡುಗರಿಗೆ.

ಅಭ್ಯರ್ಥಿಗಳಿಗೊಂದು ಮಾತು. ಸ್ಥಳೀಯ ವ್ಯಕ್ತಿ ಎಂಬ ಅರ್ಹತಾ ಪ್ರಮಾಣ ಪತ್ರವನ್ನು ಉಪವಿಭಾಗದ ಸಹಾಯಕ ಆಯುಕ್ತರು ಕೊಡಬೇಕು, ತಹಶೀಲ್ದಾರರ ವಾಸಸ್ಥಳ ಪತ್ರ ಸಾಲದು. ಅರ್ಜಿಯ ಕೊನೆಯ ದಿನಾಂಕದೊಳಗೆ ಕೈಯಲ್ಲಿರಲಿ.

ಸ್ಪರ್ಧಾರ್ಥಿ_ಹಾಸನ

ಗ್ರಾಮೀಣಕ್ಕೂ ಹಾಗೆಯೇ ಅಲ್ಲವೇ? 1ರಿಂದ 10ನೇ ತರಗತಿ ಹಳ್ಳಿಯಲ್ಲಿ ಓದಿದ್ದೇ ಸಾಕೇ?

ರೋಸ್ಟರ್_ಬಿಂದು

ಓದಿದ್ದು ಸಾಕು, ಆದರೆ ನಮೂನೆ ಸರಿಯಿರಬೇಕು. ನಮೂನೆ-2ಕ್ಕೆ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು. ಸಾಮಾನ್ಯ ಅರ್ಹತೆಯವರಾದರೆ ಇದರ ಜೊತೆ ತಹಶೀಲ್ದಾರರಿಂದ ನಮೂನೆ-1. ಬಿಇಒ ಮೇಲುರುಜು ಇಲ್ಲದೆ ತಿರಸ್ಕೃತವಾಗುವ ಪತ್ರಗಳೇ ಹೆಚ್ಚು.

ಮೂಲನಿಯಮ

ಮೂರನೇ ಅಂಶಕ್ಕೆ ಬರೋಣ. ವಿದ್ಯಾರ್ಹತೆ ಬದಲಿಸಬೇಕಾದರೆ ಸಿ ಅಂಡ್ ಆರ್ ತಿದ್ದುಪಡಿಯೇ ದಾರಿ. ಇಲಾಖಾ ಮುಖ್ಯಸ್ಥರಿಂದ ಪ್ರಸ್ತಾವನೆ, ಜೊತೆಗೆ ಈಗಿನ ಮತ್ತು ಉದ್ದೇಶಿತ ನಿಯಮದ ತುಲನಾ ಪಟ್ಟಿ, ಎಲ್ಲ ಮಂಜೂರಾತಿ ಆದೇಶಗಳ ಪ್ರತಿ. ಆಮೇಲೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ ಸಹಮತಿ. ಹುದ್ದೆ ಅಥವಾ ವೇತನಶ್ರೇಣಿ ಬದಲಾದರೆ ಆರ್ಥಿಕ ಇಲಾಖೆ. ಲೋಕಸೇವಾ ಆಯೋಗದ ವ್ಯಾಪ್ತಿಯ ಹುದ್ದೆಯಾದರೆ 320(3)ನೇ ವಿಧಿಯಂತೆ ಆಯೋಗದೊಂದಿಗೆ ಸಮಾಲೋಚನೆ. ಕಾನೂನು ಇಲಾಖೆ ಕರಡು ನೋಡುತ್ತದೆ. ಬಳಿಕ ಕರಡು ಅಧಿಸೂಚನೆ ರಾಜ್ಯಪತ್ರದಲ್ಲಿ. 3ನೇ ಪ್ರಕರಣದ (2)(ಎ) ಪ್ರಕಾರ ಬಾಧಿತರಾಗುವವರ ಆಕ್ಷೇಪಣೆ ಕರೆಯಲೇಬೇಕು, ಸಾಮಾನ್ಯವಾಗಿ 15 ದಿನ. ಬಂದ ಆಕ್ಷೇಪಣೆಗಳನ್ನು ಪರಿಗಣಿಸಿದ ಮೇಲೆಯೇ ಅಂತಿಮ ಅಧಿಸೂಚನೆ.

ಇದು ನಿಧಾನದ ದಾರಿ ಎಂಬುದು ನಿಜ. ಆದರೆ ಆ 15 ದಿನಗಳಲ್ಲೇ ವೃಂದದ ನೌಕರರಿಗೂ ನಿರುದ್ಯೋಗಿ ಅಭ್ಯರ್ಥಿಗಳಿಗೂ ಮಾತಾಡುವ ಅವಕಾಶ ಇರುವುದು. ಸಂಘಗಳು ಅಂತಿಮ ಅಧಿಸೂಚನೆ ಬಂದ ಮೇಲೆ ಧರಣಿ ಕೂರುವುದಕ್ಕಿಂತ ಕರಡು ಬಂದಾಗ ನಿಯಮವಾರು ಲಿಖಿತ ಆಕ್ಷೇಪಣೆ ಕೊಡುವುದು ಸಾವಿರ ಪಾಲು ಮೇಲು. ‘ಅನುಸೂಚಿ ಕ್ರಮಸಂಖ್ಯೆ ಇಷ್ಟು, ಕಾಲಂ ಇಷ್ಟು, ಈ ಪದಗಳ ಬದಲು ಈ ಪದಗಳು’ ಎಂದು ಬರೆದ ಆಕ್ಷೇಪಣೆಯನ್ನು ಪಕ್ಕಕ್ಕಿಡುವುದು ಕಷ್ಟ.

ಕಡತ_ಮಂಡನೆ

ಅಧಿಸೂಚನೆ ಹೊರಟ ಮೇಲೆ ಮಧ್ಯದಲ್ಲಿ ತಿದ್ದುಪಡಿ ಬಂದರೆ?

ಕೆಎಟಿ_ಕಟಕಟೆ

ಪಿ. ಮಹೇಂದ್ರನ್ ವಿರುದ್ಧ ಕರ್ನಾಟಕ ರಾಜ್ಯ, 1990ರ ವರದಿ. ಮೋಟಾರು ವಾಹನ ನಿರೀಕ್ಷಕರ ನೇಮಕಾತಿ ನಡೆಯುತ್ತಿದ್ದಾಗ ನಿಯಮ ತಿದ್ದಿ ಮೆಕ್ಯಾನಿಕಲ್ ಡಿಪ್ಲೊಮಾವನ್ನು ಕೈಬಿಡಲಾಯಿತು. ತಿದ್ದುಪಡಿಗೆ ಪೂರ್ವಾನ್ವಯ ಇಲ್ಲ, ಹಳೆಯ ನಿಯಮದಂತೆ ಅರ್ಜಿ ಹಾಕಿದವರ ಆಯ್ಕೆ ಕೆಡುವುದಿಲ್ಲ ಎಂದು ತೀರ್ಪಾಯಿತು. 7 ನವೆಂಬರ್ 2024ರ ತೇಜ್ ಪ್ರಕಾಶ್ ಪಾಠಕ್ ತೀರ್ಪಿನಲ್ಲಿ ಐವರ ಪೀಠ ಇದನ್ನು ಇನ್ನಷ್ಟು ಬಿಗಿಗೊಳಿಸಿತು: ನೇಮಕಾತಿ ಪ್ರಕ್ರಿಯೆ ಪ್ರಕಟಣೆಯಿಂದ ಶುರುವಾಗಿ ಹುದ್ದೆ ಭರ್ತಿಯಾದಾಗ ಮುಗಿಯುತ್ತದೆ, ನಡುವೆ ಅರ್ಹತಾ ಮಾನದಂಡ ಬದಲಿಸುವಂತಿಲ್ಲ, ನಿಯಮವೋ ಪ್ರಕಟಣೆಯೋ ಅದಕ್ಕೆ ಅವಕಾಶ ಇಟ್ಟಿದ್ದರೆ ಬೇರೆ ಮಾತು.

ಇದರ ಮಗ್ಗುಲಲ್ಲೇ ಇನ್ನೊಂದು ಸತ್ಯ: ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ನೇಮಕದ ಹಕ್ಕು ಹುಟ್ಟುವುದಿಲ್ಲ (ಶಂಕರ್‌ಸನ್ ದಾಸ್, 1991). ಸರ್ಕಾರ ಸಕಾರಣವಿದ್ದರೆ ಹುದ್ದೆ ತುಂಬದೆ ಬಿಡಬಹುದು. ಕಾರಣವಿಲ್ಲದೆ ಬಿಡುವಂತಿಲ್ಲ. ನಮ್ಮ 2011ರ ಸಾಲಿನ ಗೆಜೆಟೆಡ್ ಪ್ರೊಬೇಷನರುಗಳ 362 ಹುದ್ದೆಗಳ ಪಟ್ಟಿ 2014ರಲ್ಲಿ ರದ್ದಾಗಿ, ಕೆಎಟಿ (ಕರ್ನಾಟಕ ಆಡಳಿತ ನ್ಯಾಯಮಂಡಳಿ), ಹೈಕೋರ್ಟ್, ಸುಪ್ರೀಂ ಕೋರ್ಟ್ ಎಲ್ಲ ದಾಟಿ, ಕೊನೆಗೆ 2022ರಲ್ಲಿ ಆಯ್ಕೆಯನ್ನು ಊರ್ಜಿತಗೊಳಿಸುವ ಕಾಯ್ದೆಯನ್ನೇ ಶಾಸಕಾಂಗ ಮಾಡಬೇಕಾಯಿತು. ಆಯ್ಕೆಯಲ್ಲಿ ನಡೆದದ್ದರ ಬಗ್ಗೆ ಗಂಭೀರ ಆರೋಪಗಳಿದ್ದ ಪಟ್ಟಿಯನ್ನು ಕಾಯ್ದೆಯಿಂದ ಎತ್ತಿ ನಿಲ್ಲಿಸುವುದು ಒಳ್ಳೆಯ ಮೇಲ್ಪಂಕ್ತಿ ಅಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರಾಮಾಣಿಕವಾಗಿ ಬರೆದು ಆಯ್ಕೆಯಾದವರಿಗೂ ಅಷ್ಟು ವರ್ಷ ಅನ್ಯಾಯವಾಯಿತು ಎಂಬುದೂ ಅಷ್ಟೇ ನಿಜ. ಕಳಂಕಿತರನ್ನು ಪ್ರಾಮಾಣಿಕರಿಂದ ಬೇರ್ಪಡಿಸುವ ಕೆಲಸ ಸಮಯಕ್ಕೆ ಸರಿಯಾಗಿ ಆಗಿದ್ದರೆ ಎರಡೂ ತಪ್ಪುತ್ತಿತ್ತು.

ಸ್ಪರ್ಧಾರ್ಥಿ_ಹಾಸನ

ನೇಮಕಾತಿ ಆದೇಶ ಸಿಕ್ಕಿ ಹಾಜರಾದ ಮೇಲೆ 2 ವರ್ಷ ಆದರೆ ಪ್ರೊಬೇಷನ್ ತಾನಾಗಿ ಮುಗಿಯುತ್ತದಲ್ಲವೇ?

ಮೂಲನಿಯಮ

ಇಲ್ಲ. 1977ರ ಪ್ರೊಬೇಷನ್ ನಿಯಮಗಳ ಪ್ರಕಾರ ಅವಧಿ 2 ವರ್ಷಕ್ಕೆ ಕಡಿಮೆಯಿಲ್ಲದ್ದು, ಅದರ ಅರ್ಧದಷ್ಟು ವಿಸ್ತರಿಸಬಹುದು. ತೃಪ್ತಿಕರವಾಗಿ ಪೂರೈಸಿದ್ದಾರೆ ಎಂಬ ನಿರ್ದಿಷ್ಟ ಆದೇಶ ಹೊರಡಬೇಕು, ಆದೇಶ ತಡವಾಯಿತೆಂದು ಪೂರೈಸಿದಂತೆ ಆಗುವುದಿಲ್ಲ. ಹುದ್ದೆಗೆ ನಿಗದಿಯಾದ ಇಲಾಖಾ ಪರೀಕ್ಷೆಗಳು, ಸಾಮಾನ್ಯವಾಗಿ ಅಕೌಂಟ್ಸ್ ಹೈಯರ್ ಅಥವಾ ಲೋಯರ್, ಜನರಲ್ ಲಾ ಪಾರ್ಟ್ 1 ಮತ್ತು 2, ಮೊದಲ ವರ್ಷದಲ್ಲೇ ಬರೆದು ಮುಗಿಸಿ. 2012ರ ನಿಯಮಗಳ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನೂ ಬಿಡಬೇಡಿ, ಅದಿಲ್ಲದೆ ಮುಂಬಡ್ತಿ ಇಲ್ಲ. ಫಲಿತಾಂಶ ಬಂದ ಕೂಡಲೇ ಸೇವಾ ಪುಸ್ತಕದಲ್ಲಿ ನಮೂದು ಮಾಡಿಸಿ, ಸಹಿಯಾದ ಪುಟದ ಪ್ರತಿ ಇಟ್ಟುಕೊಳ್ಳಿ.

ನೇಮಕಾತಿ ಆದೇಶಕ್ಕೆ ಸಹಿ ಹಾಕಿದವರು ಯಾರು ಎಂಬುದನ್ನೂ ಗಮನಿಸಿ. 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ ಅನುಸೂಚಿಯಲ್ಲಿ ಆ ವೃಂದಕ್ಕೆ ನೇಮಕಾತಿ ಪ್ರಾಧಿಕಾರ ಯಾರೆಂದಿದೆ. 311(1)ನೇ ವಿಧಿಯಂತೆ ನೇಮಿಸಿದ ಪ್ರಾಧಿಕಾರಕ್ಕಿಂತ ಕೆಳಗಿನವರು ವಜಾ ಮಾಡುವಂತಿಲ್ಲ. ನಿಮ್ಮನ್ನು ನೇಮಿಸಿದ್ದು ನಿರ್ದೇಶಕರಾದರೆ ಜಂಟಿ ನಿರ್ದೇಶಕರು ಕೊಟ್ಟ ವಜಾ ಆದೇಶ ಅಲ್ಲೇ ಬೀಳುತ್ತದೆ.

ಕಡತ_ಮಂಡನೆ

ಕೊನೆಯ ಪ್ರಶ್ನೆ. ಈ ಆದೇಶದಿಂದ ಬಾಧಿತರಾದ ಹಿರಿಯ ಅಧೀಕ್ಷಕರು ಈಗ ಏನು ಮಾಡಬೇಕು? ಕಾಲಮಿತಿ ಎಷ್ಟು?

ಕೆಎಟಿ_ಕಟಕಟೆ

ಮೊದಲು ಸಕ್ಷಮ ಪ್ರಾಧಿಕಾರಕ್ಕೆ ಲಿಖಿತ ಮನವಿ, ಸ್ವೀಕೃತಿಯೊಂದಿಗೆ. ಮನವಿಯಲ್ಲಿ ಭಾವನೆಯ ಮಾತು ಬೇಡ. ಸಿ ಅಂಡ್ ಆರ್ ಅನುಸೂಚಿಯ ಕ್ರಮಸಂಖ್ಯೆ, ಅಂತಿಮ ಜ್ಯೇಷ್ಠತಾ ಪಟ್ಟಿಯಲ್ಲಿ ತಮ್ಮ ಮತ್ತು ಪ್ರಭಾರ ಪಡೆದವರ ಸಂಖ್ಯೆ, ನಿಯಮ 32ರ ಷರತ್ತು, ಇಷ್ಟು ಸಾಕು. 1985ರ ಆಡಳಿತ ನ್ಯಾಯಮಂಡಳಿ ಅಧಿನಿಯಮದ 21ನೇ ಪ್ರಕರಣದಂತೆ ಅಂತಿಮ ಆದೇಶದಿಂದ 1 ವರ್ಷ. ಮನವಿಗೆ ಉತ್ತರ ಬಾರದಿದ್ದರೆ 6 ತಿಂಗಳು ಕಾದು, ಆಮೇಲಿನ 1 ವರ್ಷದೊಳಗೆ ಅರ್ಜಿ. ಮೇಲಿಂದ ಮೇಲೆ ಮನವಿ ಕೊಡುತ್ತಾ ಹೋದರೆ ಕಾಲಮಿತಿ ಹಿಗ್ಗುವುದಿಲ್ಲ. ಬೆಳಗಾವಿ ಮತ್ತು ಕಲಬುರಗಿಯಲ್ಲೂ ಪೀಠಗಳಿರುವುದರಿಂದ ಎಲ್ಲರೂ ಬೆಂಗಳೂರಿಗೆ ಬರಬೇಕಿಲ್ಲ. ನ್ಯಾಯಮಂಡಳಿಯ ಆದೇಶದ ಮೇಲೆ ಹೈಕೋರ್ಟಿನ ವಿಭಾಗೀಯ ಪೀಠ.

ಒಂದು ಎಚ್ಚರಿಕೆ: ಪ್ರಭಾರ ಪಡೆದಿರುವವರನ್ನು ಪ್ರತಿವಾದಿಯಾಗಿ ಸೇರಿಸಲೇಬೇಕು. ಸೇರಿಸದೆ ಹಾಕಿದ ಅರ್ಜಿ, ಅವಶ್ಯ ಪಕ್ಷಗಾರರಿಲ್ಲ ಎಂಬ ಕಾರಣಕ್ಕೆ ವಜಾ ಆಗುತ್ತದೆ.